ಎದುರುಗಾಳಿ ನ್ಯಾಯ: ಹಂಗಾರಕಟ್ಟೆಯ ಸೈಕಲ್ ಮೀಮಾಂಸೆ

ಸಂಬಳ ಬರುವ, ಮದುವೆಯಾಗದ, ಮೂವತ್ತು ದಾಟದ ಗಂಡೊಬ್ಬ ಹಂಗಾರಕಟ್ಟೆಯಿಂದ ಬ್ರಹ್ಮಾವರದ ಕಚೇರಿಗೆ ದಿನವೂ ಸೈಕಲ್ಲಿನಲ್ಲಿ ಹೋಗಬಹುದೇ ಎಂಬುದು ಈ ಪ್ರಬಂಧದ ಪ್ರಶ್ನೆ. ಕಾಲಿಗೆ ಕಸುವಿದೆಯೇ ಎಂದಲ್ಲ, ಊರು ಒಪ್ಪುತ್ತದೆಯೇ ಎಂದು. ಶಾಸ್ತ್ರ ಬರೆಯುವವರು ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕು. ಅಧಿಕಾರಿ: ಬೆಳಿಗ್ಗೆ ಬೇಗ ಏಳುವವನು. ವಿಷಯ: ಸೈಕಲ್. ಪ್ರಯೋಜನ: ಪೆಟ್ರೋಲ್ ಉಳಿತಾಯ. ಸಂಬಂಧ: ಈವರೆಗೆ ಕೂಡಿಬಂದಿಲ್ಲ, ಕಾರಣ ಮುಂದೆ ಬರುತ್ತದೆ.

ಕ್ಷೇತ್ರಪರಿಚಯ. ಸೀತಾನದಿ ಕಡಲು ಸೇರುವ ಮುನ್ನ ಅಗಲವಾಗುವಲ್ಲಿ ಹಂಗಾರಕಟ್ಟೆ ಇದೆ. ಬಂದರು ಇದೆ, ಹಡಗು ಕಟ್ಟುವ ಯಾರ್ಡ್ ಇದೆ, ಬಾಳೆಕುದ್ರು ಮಠ ಇದೆ, ಯಕ್ಷಗಾನ ಕಲಾಕೇಂದ್ರವೊಂದು ಊರಿನ ಹೆಸರನ್ನು ಹೊತ್ತು ದೇಶ ಸುತ್ತಿದೆ. ನೌಕರಿಗಳು ಮಾತ್ರ ಹೆಚ್ಚಾಗಿ ಬೇರೆ ಕಡೆ ಇವೆ. ಆದ್ದರಿಂದ ನೌಕರನಾದವನು ಮೊದಲು ಒಳನಾಡಿನ ಕಡೆಗೆ ಸಾಸ್ತಾನದ ತನಕ ತುಳಿದು, ಅಲ್ಲಿ ರಾಷ್ಟ್ರೀಯ ಹೆದ್ದಾರಿ 66 ಹಿಡಿದು, ದಕ್ಷಿಣಕ್ಕೆ ಮಾಬುಕಳ ಸೇತುವೆ ದಾಟಿ ಬ್ರಹ್ಮಾವರ ಸೇರಬೇಕು. ನಕ್ಷೆ ಇಷ್ಟೇ. ಈ ಶಾಸ್ತ್ರದ ಸಕಲ ದುಃಖವೂ ಈ ನಕ್ಷೆಯಿಂದಲೇ ಹುಟ್ಟಿದೆ.

ಇತಿಹಾಸ ಭಾಗವನ್ನು ಬೇಗ ಮುಗಿಸೋಣ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎರಡು ಚಕ್ರದ ಗಾಡಿ ಮಾಡಿದ. ಅದಕ್ಕೆ ಪೆಡಲ್ ಇರಲಿಲ್ಲ, ಕಾಲಿನಿಂದ ನೆಲ ಒದೆಯಬೇಕಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಈಗಿನ ರೂಪದ ಸೈಕಲ್ ತಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ, ಅಂದಿನಿಂದ ಪಂಕ್ಚರ್ ಅಂಗಡಿಗಳಿಗೂ ಒಂದು ಕಸುಬಾಯಿತು. ನಮ್ಮ ಕರಾವಳಿಯಲ್ಲಿ ಈ ವಾಹನದ ಪರಮ ಪ್ರಯೋಗ ನಡೆಸಿದವರು ಮೀನು ಮಾರುವವರು: ಹಿಂದೆ ಪೆಟ್ಟಿಗೆ, ಮುಂದೆ ರಬ್ಬರ್ ಹಾರ್ನು, ಪೋಂ ಪೋಂ ಎಂದರೆ ಮನೆಮನೆಯ ಬೆಕ್ಕು ಅಂಗಳಕ್ಕೆ. ಅವರೂ ಈಗ ಮೋಟಾರಿಗೆ ಬಡ್ತಿ ಪಡೆದಿದ್ದಾರೆ. ಬೆಕ್ಕುಗಳು ಹಾರ್ನನ್ನು ಮರೆತಿಲ್ಲ.

ಇನ್ನು ಗಾಳಿ. ಸೈಕಲ್ ತುಳಿಯುವವನಿಗೆ ಗಾಳಿ ಯಾವಾಗಲೂ ಎದುರಿಗೇ ಬೀಸುತ್ತದೆ ಎಂಬುದು ಲೋಕದಲ್ಲೆಲ್ಲ ಇರುವ ಗೊಣಗಾಟ. ಪೂರ್ವಪಕ್ಷಿ ಹೇಳುತ್ತಾನೆ: ಅದು ಮನಸ್ಸಿನ ಭ್ರಮೆ, ಹೋಗುವಾಗ ಎದುರಾದ ಗಾಳಿ ಬರುವಾಗ ಬೆನ್ನಿಗಿರಲೇಬೇಕು. ಬೇರೆ ಊರುಗಳ ಮಟ್ಟಿಗೆ ಸರಿ. ಹಂಗಾರಕಟ್ಟೆಗೆ ಈ ವಾದ ಸಲ್ಲದು. ಕಡಲ ತಡಿಯಲ್ಲಿ ಹಗಲು ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಕಾದ ನೆಲದ ಗಾಳಿ ಮೇಲೇರುತ್ತದೆ, ತೆರವಾದ ಜಾಗಕ್ಕೆ ಕಡಲಗಾಳಿ ನುಗ್ಗುತ್ತದೆ. ರಾತ್ರಿ ಲೆಕ್ಕ ತಿರುಗುಮುರುಗು: ನೆಲ ಬೇಗ ಆರಿ, ಗಾಳಿ ನೆಲದಿಂದ ಕಡಲಿಗೆ ಹೊರಟು, ಬಿಸಿಲೇರುವ ತನಕ ಹಾಗೇ ಇರುತ್ತದೆ. ಹಾಯಿದೋಣಿಯ ಕಾಲದ ಮೀನುಗಾರರು ಇದನ್ನೇ ನಂಬಿ ನಸುಕಿನಲ್ಲಿ ನೆಲಗಾಳಿಗೆ ಹಾಯಿ ಬಿಚ್ಚಿ ಹೋಗುತ್ತಿದ್ದರು, ಹೊತ್ತೇರಿದ ಮೇಲೆ ಕಡಲಗಾಳಿ ಹಿಡಿದು ಮರಳುತ್ತಿದ್ದರು. ಹೋಗುವಾಗಲೂ ಬೆನ್ನಿಗೆ, ಬರುವಾಗಲೂ ಬೆನ್ನಿಗೆ. ನೌಕರನ ದಾರಿ ತದ್ವಿರುದ್ಧ. ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿದರೆ ನೆಲಗಾಳಿ ಎದುರು, ಸಂಜೆ ಪಶ್ಚಿಮಕ್ಕೆ ತಿರುಗಿದರೆ ಕಡಲಗಾಳಿ ಎದುರು. ತಪ್ಪು ಗಾಳಿಯದಲ್ಲ, ಉದ್ಯೋಗದ್ದು. ದೋಣಿ ಬಿಟ್ಟು ಗುಮಾಸ್ತಿಕೆಗೆ ಸೇರಿದ ದಿನವೇ ವಾಯುದೇವ ಪಕ್ಷ ಬದಲಿಸಿದ್ದಾನೆ.

ನೆಲಗಾಳಿ ಸಾಧು, ಅದರ ಮೇಲೆ ಹೆಚ್ಚು ದೂರಿಲ್ಲ. ಬೇಸಿಗೆಯ ಸಂಜೆಯ ಕಡಲಗಾಳಿ ಹಾಗಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಭೌತಶಾಸ್ತ್ರ ಹೇಳುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ 10 ಕಿಲೋಮೀಟರ್ ವೇಗದ ಗಾಳಿ ಎದುರಾದರೆ ತಡೆ ಸುಮಾರು 2.8 ಪಟ್ಟು. ಸಂಬಳದಲ್ಲಿ ಇಂಥ ಏರಿಕೆ ಯಾವ ಇಲಾಖೆಯಲ್ಲೂ ಕಂಡುಬಂದಿಲ್ಲ. ಮಳೆಗಾಲದಲ್ಲಿ ಈ ಎದುರುಗಾಳಿ ನ್ಯಾಯಕ್ಕೆ ಸಣ್ಣ ತಿದ್ದುಪಡಿಯಿದೆ. ಗಾಳಿ ನೈಋತ್ಯದ್ದಾಗುವುದರಿಂದ ಸಾಸ್ತಾನದ ತನಕ ಬೆನ್ನು ತಟ್ಟುತ್ತದೆ, ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಳಿದ ಕೂಡಲೇ ಮುಖಕ್ಕೆ ಹೊಡೆಯುತ್ತದೆ. ಮಾಬುಕಳ ಸೇತುವೆಯ ಮೇಲೆ ಲಾರಿಯೊಂದು ಪಕ್ಕದಲ್ಲಿ ಹಾದುಹೋಗುವಾಗ ಮಳೆ ಮೇಲಿನಿಂದ ಮಾತ್ರವಲ್ಲ, ಕೆಳಗಿನಿಂದಲೂ ಬರುತ್ತದೆ. ರೈನ್‌ಕೋಟ್ ಎಂಬುದು ಹೊರಗಿನ ನೀರು ಒಳಗಿನ ಬೆವರನ್ನು ಭೇಟಿಯಾಗದಂತೆ ಮಾಡುವ ವ್ಯವಸ್ಥೆ, ಅಷ್ಟೆ.

ಬೆಲ್ಲಿನ ಕುರಿತು ಒಂದು ಅಧ್ಯಾಯ ಯೋಜಿಸಲಾಗಿತ್ತು. ಯಾರಿಗೂ ಕೇಳಿಸದ ವಸ್ತುವಿನ ಬಗ್ಗೆ ಬರೆಯುವುದು ವ್ಯರ್ಥವೆಂದು ಕೈಬಿಡಲಾಗಿದೆ.

ತುಕ್ಕಿನ ಬಗ್ಗೆ ಮಾತ್ರ ಬಿಡುವಂತಿಲ್ಲ. ಉಪ್ಪಿನ ಗಾಳಿಗೆ ಒಂದು ರಾತ್ರಿ ಹೊರಗೆ ನಿಂತ ಚೈನು ಬೆಳಗಾಗುವಾಗ ಕೇಸರಿ ತೊಟ್ಟು ಸಂನ್ಯಾಸ ಸ್ವೀಕರಿಸಿರುತ್ತದೆ. ಎರಡು ಹನಿ ಎಣ್ಣೆ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ ಸಂಸಾರಕ್ಕೆ ಮರಳಿ ಕರೆಯಬೇಕು. ಆ ಎಣ್ಣೆ ಪ್ಯಾಂಟಿನ ಬಲಗಾಲಿನ ಅಂಚಿಗೆ ಹತ್ತುತ್ತದೆ. ಸಭೆಯಲ್ಲಿ ಸೈಕಲ್ಲಿಗನನ್ನು ಗುರುತಿಸಲು ಇದಕ್ಕಿಂತ ಖಚಿತ ಲಕ್ಷಣವಿಲ್ಲ.

ಈಗ ಮುಖ್ಯ ವಿಚಾರ. ಸೈಕಲ್ ಮೇಲೆ ಶಾಲೆಯ ಹುಡುಗಿ ಕಂಡರೆ ಊರು ಸುಮ್ಮನಿರುತ್ತದೆ, ಅಜ್ಜ ಕಂಡರೂ ಸುಮ್ಮನಿರುತ್ತದೆ. ನಡುವಿನ ವಯಸ್ಸಿನವನು ಕಂಡರೆ ಕಟ್ಟೆಯಿಂದ ಪ್ರಶ್ನೆ ಏಳುತ್ತದೆ: “ಹ್ವಾಯ್, ಬೈಕಿಗೆ ಎಂತಾಯ್ತ್ ಮಾರಾಯ್ರೆ?” ಬೈಕೇ ಇಲ್ಲ ಎಂಬ ಉತ್ತರವನ್ನು ಪ್ರಶ್ನಿಸಿದವರು ನಂಬುವುದಿಲ್ಲ. ಸಾಲದ ಕಂತು ತಪ್ಪಿರಬೇಕು, ಲೈಸೆನ್ಸ್ ಹೋಗಿರಬೇಕು, ಇಲ್ಲವೇ ಡಾಕ್ಟರು ಹೇಳಿರಬೇಕು. ಮೂರನೆಯದನ್ನು ಒಪ್ಪಿಕೊಂಡರೆ ಮಾತ್ರ ಬಿಡುಗಡೆ. ಸಕ್ಕರೆ ಕಾಯಿಲೆಗೆ ಸಿಗುವ ಮರ್ಯಾದೆ ಮಿತವ್ಯಯಕ್ಕೆ ಸಿಗದು.

ಇದರಲ್ಲೊಂದು ಸೂಕ್ಷ್ಮವಿದೆ. ಅದೇ ಮನುಷ್ಯ ಭಾನುವಾರ ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೈಗಂಟಿದ ಬಟ್ಟೆ ತೊಟ್ಟು, ಗೇರು ಸೈಕಲ್ಲಿನಲ್ಲಿ ಹೂಡೆ ಕಡೆಗೆ ಹೋದರೆ ಅವನು ‘ಸೈಕ್ಲಿಸ್ಟ್’, ಫೋಟೋ ಬರುತ್ತದೆ. ಸೋಮವಾರ ಇಸ್ತ್ರಿ ಶರಟು ತೊಟ್ಟು, ಕ್ಯಾರಿಯರಿಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಅವನು ‘ಪಾಪ’. ಎಲ್ಲಿಗೂ ಹೋಗಬೇಕಾಗಿಲ್ಲದವನು ತುಳಿದರೆ ಆರೋಗ್ಯ, ಹೋಗಲೇಬೇಕಾದವನು ತುಳಿದರೆ ಬಡತನ. ಹೆಣ್ಣು ಕೊಡುವ ಕಡೆಯವರು ವಿಚಾರಿಸುವುದು ಸೋಮವಾರದವನನ್ನು. “ಹುಡ್ಗ ಒಳ್ಳೆಯವ್ನೇ, ಆದ್ರೆ ಸೈಕಲ್ಲಲ್ಲಿ ಹೋಪುದಂಬ್ರ್” ಎಂಬಲ್ಲಿಗೆ ಮಾತುಕತೆ ನಿಲ್ಲುತ್ತದೆ. ಆರಂಭದಲ್ಲಿ ಹೇಳಿದ ಸಂಬಂಧ ಕೂಡದಿರುವುದು ಇಲ್ಲಿ.

ಒಂದೇ ಒಂದು ಜಾಗದಲ್ಲಿ ಸಮಾನತೆ ಕಂಡಿದೆ: ಕೋಡಿ ಬೆಂಗ್ರೆಗೆ ಹೊಳೆ ದಾಟಿಸುವ ಬಾರ್ಜಿನ ಮೇಲೆ. ಬಾರ್ಜ್ ಇರುವ ದಿನ ಬೈಕು, ಸ್ಕೂಟರು, ಸೈಕಲ್ ಎಲ್ಲವೂ ಇಂಜಿನ್ನಿಲ್ಲದ ಸರಕಾಗಿ ಒಟ್ಟಿಗೆ ನಿಲ್ಲುತ್ತವೆ. ತಪ್ಪಿದರೆ ಬ್ರಹ್ಮಾವರ, ಕೆಮ್ಮಣ್ಣು, ಹೂಡೆ ಸುತ್ತಿ ಬರಬೇಕು. ಎದುರಿಗೆ ಕಾಣುವ ದಡಕ್ಕೆ ಅಷ್ಟು ದೂರ ಪೆಟ್ರೋಲ್ ಸುಟ್ಟು ಹೋಗುವವನನ್ನು ಯಾರೂ ಪಾಪ ಎನ್ನುವುದಿಲ್ಲ. ನೈಯಾಯಿಕರಿಗೆ ಪ್ರಶ್ನೆ: ಚಲಿಸುವ ಬಾರ್ಜಿನ ಮೇಲೆ ಸ್ಟ್ಯಾಂಡ್ ಹಾಕಿ ನಿಂತ ಸೈಕಲ್, ಚಲಿಸುತ್ತಿದೆಯೋ ನಿಂತಿದೆಯೋ? ಉತ್ತರ ತಿಳಿಯದಿದ್ದರೂ ಅಲ್ಲಿ ಎದುರುಗಾಳಿ ಹಿತವಾಗಿರುತ್ತದೆ, ತುಳಿಯುವವನು ನೀವಲ್ಲವಲ್ಲ.

ಓದುಗರಲ್ಲಿ ವಿನಂತಿ ಎರಡು. ಸಂಜೆ ಸಾಸ್ತಾನದಿಂದ ಹಂಗಾರಕಟ್ಟೆಗೆ ಬರುವ ರಸ್ತೆಯಲ್ಲಿ ಸೈಕಲ್ ಎದುರಾದರೆ ಹೆಡ್‌ಲೈಟನ್ನು ಸ್ವಲ್ಪ ತಗ್ಗಿಸಿ. ಮಾತಾಡಿಸಲೇಬೇಕು ಎನಿಸಿದರೆ ಎಲ್ಲಿಗೆ ಹೋಗಿದ್ದೆ ಎಂದು ಕೇಳಿ, ಬೈಕ್ ಯಾವಾಗ ಎಂದು ಕೇಳಬೇಡಿ.