ನಾಲ್ಕೂವರೆ ಸಾವಿರದ ಹೂಂಕಾರ

ನಮ್ಮ ಮನೆ ಗೇಟಿನ ಮೇಲಿನ ಹಿಂಜು ಬೆಸುಗೆ ಬಿಟ್ಟು ಆರು ತಿಂಗಳಾಗಿತ್ತು. ಪೇಟೆ ಬೀದಿಯ ಗ್ರಿಲ್ ಕೆಲಸದವರು ಬಂದು ಹಾಕಿಕೊಡಲು ಐನೂರು ರೂಪಾಯಿ ಕೇಳಿದರು. ಎರಡು ನಿಮಿಷದ ಕೆಲಸಕ್ಕೆ ಐನೂರೇ ಎಂದು ನನ್ನೊಳಗಿನ ನಿವೃತ್ತ ಆಡಿಟರ್ ಎದ್ದು ಕೂತ. ಮರುವಾರವೇ ಪೀಣ್ಯದ ಕಡೆಯ ಗುಜರಿಯೊಂದರಲ್ಲಿ ನಾಲ್ಕೂವರೆ ಸಾವಿರ ಎಣಿಸಿ, ಹಳೆಯ ವೆಲ್ಡಿಂಗ್ ಮಷೀನೊಂದನ್ನು ಕೊಂಡು, ಲಗೇಜ್ ಆಟೊಗೆ ಒಂಬೈನೂರು ತೆತ್ತು, ನೆಲಮಂಗಲದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಇಳಿಸಿದೆ. ಕಾರು ಅಂದಿನಿಂದ ಬೀದಿಯಲ್ಲಿ ಮಲಗುತ್ತಿದೆ.

ಮೂರು ವಾರವಾಯಿತು. ಸ್ವಿಚ್ ಹಾಕಿದರೆ ಮಷೀನು ಗುಂಯ್ ಎನ್ನುತ್ತದೆ. ರಾಡು ತಾಗಿಸಿದರೆ ಚಿಟ್ ಎಂದು ಒಂದು ಕಿಡಿ ಹಾರಿ, ರಾಡು ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಎಳೆದರೆ ಬರುವುದಿಲ್ಲ, ಬಂದರೆ ಹೋಲ್ಡರ್ ಸಮೇತ ನಾನೂ ಹಿಂದಕ್ಕೆ ಹೋಗುತ್ತೇನೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚಿದೆ. ಮತ್ತೆ ಜೋಡಿಸಿದಾಗ ಎರಡು ನಟ್ಟು, ಒಂದು ವಾಷರು ಮಿಕ್ಕವು. ಹೋಲ್ಡರು, ಕೇಬಲ್ಲು ಹೊಸದು ಹಾಕಿದೆ, 1,650 ರೂಪಾಯಿ. ರಾಡು ಹೊಸದು, 480. ಇನ್ನು ಉಳಿದದ್ದು ಅದನ್ನೇ ಕೇಳುವುದು. ಕಳೆದ ಭಾನುವಾರ ಸ್ಟೂಲು ಹಾಕಿಕೊಂಡು ಎದುರು ಕೂತೆ.

ನಾನು: ನಮಸ್ಕಾರ. ಓದುಗರಿಗೆ ತಮ್ಮ ಕಿರುಪರಿಚಯ ಮಾಡಿಕೊಡಬೇಕು.

ಮಷೀನು: ಸ್ಟೂಲು ಸ್ವಲ್ಪ ಆ ಕಡೆ ಎಳ್ಕೊಳ್ಳಿ ಯಜಮಾನ್ರೆ, ಗಾಳಿ ಕಿಂಡಿ ಮುಚ್ಚಿದೀರಿ. ನಾನು ಟ್ರಾನ್ಸ್‌ಫಾರ್ಮರು. ನಿಮ್ಮ ಬೀದಿ ಕೊನೇಲಿ ಕಂಬದ ಮೇಲೆ ಕೂತಿದೆಯಲ್ಲ ಟಿಸಿ, ನಮ್ಮ ದೊಡ್ಡಪ್ಪನ ಮಗ. ಅವನದು ಸರ್ಕಾರಿ ನೌಕರಿ, ನನ್ನದು ಕೂಲಿ. ವೋಲ್ಟು ಇಳಿಸೋದು, ಆಂಪ್ಸ್ ಏರಿಸೋದು. ಹೊಟ್ಟೆಯೊಳಗೆ ಎರಡು ಕಾಯಿಲ್ಲು, ಒಂದು ಕಬ್ಬಿಣದ ದಿಂಡು. ಮೇಲಿನ ಚಕ್ರ ತಿರುಗಿಸಿದರೆ ದಿಂಡು ಒಳಗೆ ಹೊರಗೆ ಹೋಗಿ ಆಂಪ್ಸ್ ಏರಿಳಿಯುತ್ತೆ. ಇಷ್ಟೇ ನನ್ನ ಬದುಕು. ಇದರಲ್ಲಿ ಬಿಚ್ಚೋಕೆ ಏನಿತ್ತು ಅಂತ ಮೂರು ವಾರ ಬಿಚ್ಚಿದ್ರೋ!

ನಾನು: ಗುಂಯ್ ಶಬ್ದ ಬರುತ್ತಿತ್ತಲ್ಲ. ಅದೇ ದೋಷವಿರಬೇಕೆಂದು...

ಮಷೀನು: ಅದು ಉಸಿರು. ಕರೆಂಟ್ 50 ಸೈಕಲ್ಲು. ಒಂದೊಂದು ಸೈಕಲ್ಲಿಗೂ ನನ್ನ ಕಬ್ಬಿಣದ ತಗಡುಗಳು ಎರಡು ಸಲ ಮಿಡಿಯುತ್ವೆ. ಸೆಕೆಂಡಿಗೆ 100 ಸಲ. ನಾನು ಸುಮ್ಮನಿದ್ದರೆ ಭಯಪಡಿ. ಗುಂಯ್ ಜೊತೆಗೆ ಗಡಗಡ ಅಂದ್ರೆ ತಗಡಿನ ಬೋಲ್ಟು ಸಡಿಲ ಅಂತ ಅರ್ಥ. ಮಿಕ್ಕಿದೆಯಲ್ಲ ನಿಮ್ಮ ಜೇಬಿನಲ್ಲಿ ಎರಡು ನಟ್ಟು, ಅವು ಆ ಬೋಲ್ಟಿನವು.

ನಾನು: (ಜೇಬು ಮುಟ್ಟಿಕೊಂಡು) ಮಾರಿದವರು ತಮ್ಮನ್ನು ಅಪ್ಪಟ ತಾಮ್ರದ ವೈಂಡಿಂಗ್ ಎಂದರು.

ಮಷೀನು: ತಾಮ್ರ ಇದ್ದಿದ್ರೆ ನಾಲ್ಕೂವರೆಗೆ ಯಾಕೆ ಕೊಡ್ತಿದ್ದ? ಸುಲಿದು ಕೇಜಿ ಲೆಕ್ಕದಲ್ಲಿ ಮಾರಿ, ಚಿಪ್ಪನ್ನ ನಿಮಗೆ ಕೊಡ್ತಿದ್ದ. ನಾನು ಅಲ್ಯೂಮಿನಿಯಂ. ನಾಚಿಕೆ ಏನಿಲ್ಲ. ಅಷ್ಟೇ ದಪ್ಪದ ತಾಮ್ರದ ತಂತಿ ನೂರು ಆಂಪ್ಸ್ ಸಲೀಸಾಗಿ ಸಾಗಿಸೋ ಕಡೆ ನಾನು ಎಪ್ಪತ್ತೆಂಟರ ಹತ್ತಿರ ಸಾಗಿಸ್ತೀನಿ, ಬಿಸಿ ಬೇಗ ಆಗ್ತೀನಿ, ಜಾಯಿಂಟಿನಲ್ಲಿ ಬೂದಿ ಕಟ್ಟುತ್ತೆ. ಒಂದು ಮಾತು ಕೇಳ್ಲಾ? ಕೊಳ್ಳೋವಾಗ ನೀವು ನನ್ನಲ್ಲಿ ನೋಡಿದ್ದೇನು?

ನಾನು: ಬಣ್ಣ ಚೆನ್ನಾಗಿತ್ತು.

ಮಷೀನು: ಹಸಿರು ಪೇಂಟು. ಹಿಂದಿನ ರಾತ್ರಿ ಬಳಿದದ್ದು. ಪೀಣ್ಯದ ಗ್ರಿಲ್ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಕಿಟಕಿ ಸರಳು, ಶಟರು, ನೀರಿನ ಟ್ಯಾಂಕಿನ ಸ್ಟ್ಯಾಂಡು ಕಚ್ಚಿಸಿದ ಮೈ ಇದು. ಒಂದು ಕೋಟ್ ಪೇಂಟಿಗೆ ಹುಡುಗನಾದೆ. ಆದರೆ ಆ ಪೇಂಟಿನ ಕೆಳಗೆ ಒಂದು ತಗಡಿನ ಪಟ್ಟಿ ಇತ್ತು ಯಜಮಾನ್ರೆ, ನನ್ನ ಜಾತಕ. ಅದರ ಮೇಲೂ ಬ್ರಷ್ ಎಳೆದುಬಿಟ್ಟ. ಅದಕ್ಕೆ ಆಮೇಲೆ ಬರ್ತೀನಿ. ಮೊದ್ಲು ನಿಮ್ಮ ರಾಡಿನ ವಿಚಾರ.

ನಾನು: ರಾಡು ತೇವವಾಗಿದೆ ಎಂದು ನನಗೇ ಹೊಳೆಯಿತು. ತಾರಸಿಯ ಮೇಲೆ ಒಣಗಿಸಿದೆ.

ಮಷೀನು: ಮನೆಯವರ ಸಂಡಿಗೆ ಪಕ್ಕದಲ್ಲಿ. ಬೈಗುಳ ಶೆಡ್ಡಿನವರೆಗೂ ಕೇಳಿಸ್ತು. ನಮ್ಮ ಮನೆತನದ ಕತೆ ಗೊತ್ತಾ ನಿಮಗೆ? ರಷ್ಯಾದ ಬೆನಾರ್ಡೋಸ್ 1881ರ ಸುಮಾರಿಗೆ ಇದ್ದಿಲ ಕಡ್ಡಿಯಲ್ಲಿ ಕಿಡಿ ಹಿಡಿದು ಲೋಹ ಬೆಸೆದ. 1888ರಲ್ಲಿ ಸ್ಲಾವ್ಯಾನೋವ್ ಅನ್ನೋನು ಕಡ್ಡಿಯೇ ಕರಗಿ ಸೇರಿಕೊಳ್ಳೋ ಹಾಗೆ ಮಾಡ್ದ. ಆದರೂ ಬೆಸುಗೆ ಪೊಳ್ಳು ಪೊಳ್ಳು. ಸ್ವೀಡನ್ನಿನ ಷೆಲ್‌ಬೆರಿ ಬಂದು ಕಡ್ಡಿಯ ಮೈಗೆ ಲೇಪ ಹಚ್ಚಿದ ಮೇಲೆ ನಮ್ಮ ಕುಲ ಉದ್ಧಾರ ಆಯ್ತು. ಆ ಲೇಪ ಉರಿದು ಹೊಗೆಯಾಗಿ ಕರಗಿದ ಕಬ್ಬಿಣಕ್ಕೆ ಗಾಳಿ ತಾಗದ ಹಾಗೆ ಕಾಯುತ್ತೆ, ಆಮೇಲೆ ಕಿಟ್ಟವಾಗಿ ಮೇಲೆ ಹೊದ್ದುಕೊಳ್ಳುತ್ತೆ. ಅಂಥಾ ಲೇಪದ ಕಡ್ಡಿನ ನೀವು ಮಳೆಗಾಲದಲ್ಲಿ ವಾಷಿಂಗ್ ಮಷೀನ್ ಪಕ್ಕ ಒರಗಿಸಿಟ್ರಿ. ಒಣಗಿಸಿದ್ದು ಒಳ್ಳೇದೇ ಆಯ್ತು. ಆದರೆ ನನ್ನ ಕಾಯಿಲೆ ಅದಲ್ಲ.

ನಾನು: ಹಾಗಾದರೆ ಅರ್ತ್ ಕ್ಲ್ಯಾಂಪು?

ಮಷೀನು: ಅದೂ ಒಂದು. ಗೇಟಿನ ಪೇಂಟಿನ ಮೇಲೇ ಕಚ್ಚಿಸಿದ್ರಿ. ಪೇಂಟು ಅನ್ನೋದು ಕರೆಂಟು ಬರಬಾರದು ಅಂತಲೇ ಬಳಿದ ಹಾಗಿರುತ್ತೆ. ಕೆರೆದು, ಎಮರಿ ಕಾಗದದಲ್ಲಿ ಬಿಳಿ ಕಬ್ಬಿಣ ಕಾಣೋವರೆಗೆ ಉಜ್ಜಬೇಕು. ನೂರು ಆಂಪ್ಸ್ ಹೋಗೋ ದಾರೀಲಿ ಓಮಿನ ನೂರನೇ ಒಂದು ಪಾಲು ಅಡ್ಡಿ ಇದ್ರೂ ಅಲ್ಲೇ 100 ವ್ಯಾಟು ಬಿಸಿ. ಕ್ಲ್ಯಾಂಪಿನೊಳಗೆ ನೂರು ಕ್ಯಾಂಡಲ್ ಬಲ್ಬು ಉರಿಸಿದ ಹಾಗೆ. ರಾಡಿಗೆ ಹೋಗಬೇಕಾದ್ದು ಕ್ಲ್ಯಾಂಪಿಗೆ ಹೋಯ್ತು. ಕೆಲಸ ನಿಲ್ಲಿಸಿ, ಸ್ವಿಚ್ ತೆಗೆದು, ಒಂದೊಂದೇ ಜಾಯಿಂಟಿನ ಹತ್ತಿರ ಕೈ ಒಯ್ದು ನೋಡಿ. ಯಾವುದು ಸುಡುತ್ತೋ ಅದೇ ಕಳ್ಳ. ಹಳೇ ಕೆಲಸಗಾರರ ಟೆಸ್ಟಿಂಗು ಇಷ್ಟೇ. ನೀವೋ, ಮೀಟರು ಹಿಡಿದು ಬಂದ್ರಿ.

ನಾನು: ಅದರಲ್ಲೇನು ತಪ್ಪು? ಶೆಡ್ಡಿನ ಪ್ಲಗ್ಗಿನಲ್ಲಿ 230 ತೋರಿಸಿತು.

ಮಷೀನು: ಮೂವತ್ತು ಮೀಟರಿನ ಎಕ್ಸ್‌ಟೆನ್ಷನ್ ವೈರಿನ ತುದೀಲಿ, ನಾನು ಕೆಲಸ ಮಾಡದೆ ಇದ್ದಾಗ. ಹೊರೆ ಹೊರಿಸದೆ ಕತ್ತೆಯ ಬಲ ಅಳೆದ ಹಾಗಾಯ್ತು. ಒಂದೂವರೆ ಎಂಎಂ ವೈರು, ಹೋಗಿಬರೋ ದಾರಿ ಅರವತ್ತು ಮೀಟರು. 15 ಆಂಪ್ಸ್ ಎಳೆದರೆ ಹನ್ನೊಂದು ವೋಲ್ಟು ದಾರೀಲೇ ಖರ್ಚು. ಅದನ್ನೂ ಸುರುಳಿ ಬಿಚ್ಚದೆ ಇಟ್ಟಿದ್ರಿ, ಒಳಗೊಳಗೇ ಬೇಯ್ತಿತ್ತು. ಹೋಗ್ಲಿ. ಅದೇ ಮೀಟರನ್ನ ನನ್ನ ಹೋಲ್ಡರಿಗೂ ಅರ್ತಿಗೂ ಹಿಡಿದ್ರಲ್ಲ, ಎಷ್ಟು ತೋರಿಸ್ತು?

ನಾನು: 41. ತಾವು ವೋಲ್ಟು ಇಳಿಸುವವರಲ್ಲವೇ, ಸರಿಯಾಗೇ ಇಳಿಸಿದ್ದೀರೆಂದು ಸಮಾಧಾನಪಟ್ಟೆ.

ಮಷೀನು: ಆಡಿಟರ್ ಆಗಿದ್ರಂತೆ! ಉತ್ತರ ಕೈಯಲ್ಲೇ ಇತ್ತು, ಟಿಕ್ ಹಾಕಿ ಮುಂದಿನ ಪುಟಕ್ಕೆ ಹೋದ್ರಿ. ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೀರಿ. ನನ್ನ ಬೆನ್ನಿನ ಮೇಲೆ, ಎಡಗಡೆ ಮೂಲೆ. ಕೆರೀರಿ.

(ಕೆರೆದೆ. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ತಗಡು. ಅದರ ಮೇಲೆ ‘230/415’ ಎಂದೂ, ಪಕ್ಕದಲ್ಲಿ ‘75’ ಎಂದೂ ಕೊರೆದಿತ್ತು.)

ನಾನು: ಇದರರ್ಥ?

ಮಷೀನು: ಅರ್ಥ ಏನಂದ್ರೆ, ನನಗೆ ಎರಡು ಥರ ಊಟ ಹಾಕಬಹುದು. ಮನೆ ಕರೆಂಟು ಒಂದು ಫೇಸಿನ 230. ಶೆಡ್ಡಿನ ಕರೆಂಟು ಎರಡು ಫೇಸಿನ ನಡುವಿನ 415. ನಮ್ಮ ಜನ 440 ಅಂತಾರೆ. ಇಪ್ಪತ್ತೆರಡು ವರ್ಷ ನಾನು 440ರಲ್ಲೇ ಉಂಡವನು. ಒಳಗೆ ಹಿತ್ತಾಳೆಯ ಒಂದು ಲಿಂಕ್ ಪಟ್ಟಿ ಆ ಕಡೆಗೇ ಬಿಗಿದಿದೆ. ನೀವು ಅದನ್ನ ಮೂರು ಸಲ ಬಟ್ಟೆಯಲ್ಲಿ ಒರೆಸಿದ್ರಿ, ಬದಲಾಯಿಸಲಿಲ್ಲ. 415 ಕೇಳೋ ಹೊಟ್ಟೆಗೆ 230 ಹಾಕಿದ್ರೆ 75 ಕೊಡಬೇಕಾದ ನಾನು 41 ಕೊಡ್ತೀನಿ. ಕಿಡಿ ಒಂದು ಸಲ ಹೊತ್ತಿದ ಮೇಲೆ ಇಪ್ಪತ್ತು ಇಪ್ಪತ್ತೈದು ವೋಲ್ಟು ಸಾಕು ನಿಜ. ಆದರೆ ಎಸಿ ಕರೆಂಟಿನಲ್ಲಿ ಕಿಡಿ ಸೆಕೆಂಡಿಗೆ 100 ಸಲ ಆರುತ್ತೆ, 100 ಸಲ ಮತ್ತೆ ಹೊತ್ತಬೇಕು. 41ರಲ್ಲಿ ಆ ದಮ್ಮು ಎಲ್ಲಿಂದ ತರ್ಲಿ? ರಾಡು ಕಚ್ಚಿಕೊಳ್ಳದೆ ಇನ್ನೇನು ಮಾಡುತ್ತೆ?

(ಪ್ಲಗ್ ಕಿತ್ತು, ಕವರ್ ಬಿಚ್ಚಿ, ಲಿಂಕ್ ಪಟ್ಟಿಯನ್ನು 230ರ ಕಡೆಗೆ ಬಿಗಿದೆ. ಜೇಬಿನ ನಟ್ಟುಗಳೂ ಸ್ವಸ್ಥಾನ ಸೇರಿದವು. ವಾಷರಿನ ಊರು ಇನ್ನೂ ಪತ್ತೆಯಾಗಿಲ್ಲ. ಎಂಥ ಸರಳ ಪರಿಹಾರ ಎಂದು ಹಿಗ್ಗಿ ಸ್ವಿಚ್ ಒತ್ತಿದೆ. ಟಪ್! ಶೆಡ್ಡು ಕತ್ತಲು, ಮನೆ ಕತ್ತಲು. ಒಳಗೆ ಟಿವಿಯ ಧಾರಾವಾಹಿಯಲ್ಲಿ ಅತ್ತೆಯ ಮಾತು ಅರ್ಧಕ್ಕೆ ನಿಂತಿತು.)

ಮಷೀನು: ಹಾಂ, ಇದನ್ನೇ ಹೇಳೋಕೆ ಬಾಯಿ ತೆಗೆದಿದ್ದೆ. ಈಗ ನಾನು ಹೊಟ್ಟೆ ತುಂಬ ಉಣ್ಣೋನು. 10 ನಂಬರ್ ರಾಡಿಗೆ 110 ಆಂಪ್ಸ್ ಕೊಡಬೇಕು ಅಂದ್ರೆ, 110ನ್ನ 75ರಿಂದ ಗುಣಿಸಿ 230ರಿಂದ ಭಾಗಿಸಿ. ನೀವು ಲೆಕ್ಕದವರು.

ನಾನು: ಹತ್ತಿರ ಹತ್ತಿರ 36 ಆಂಪ್ಸ್.

ಮಷೀನು: ಪ್ಲಗ್ಗು 16ರದ್ದು. ಎಂಸಿಬಿ ಬಿದ್ದದ್ದು ಅದರ ಧರ್ಮ. ಸ್ವಿಚ್ ಹಾಕಿದ ಗಳಿಗೇಲಿ ನಾನು ಇನ್ನೂ ಜೋರಾಗಿ ಒಂದು ಗುಟುಕು ಎಳೀತೀನಿ, ಅದು ಟ್ರಾನ್ಸ್‌ಫಾರ್ಮರ್ ಜಾತಿಯ ಚಾಳಿ. ದೊಡ್ಡ ಎಂಸಿಬಿ ಹಾಕಿ ಹಳೇ ವೈರನ್ನೇ ಬಿಡೋಣ ಅಂತ ಮನಸ್ಸಿಗೆ ಬಂತಲ್ಲ ಈಗ? ಬಂತು, ಮುಖ ನೋಡಿದ್ರೆ ಗೊತ್ತಾಗುತ್ತೆ. ಹಾಗೆ ಮಾಡಿದ್ರೆ ಗೋಡೆಯೊಳಗಿನ ವೈರೇ ಫ್ಯೂಸು. ಎಲೆಕ್ಟ್ರಿಷಿಯನ್ ಕರೀರಿ. ಮೇನ್ ಬೋರ್ಡಿನಿಂದ ನನಗೇ ಬೇರೆ ಲೈನು, ದಪ್ಪ ತಾಮ್ರದ ವೈರು, 32ರ ಎಂಸಿಬಿ, ಸರಿಯಾದ ಅರ್ತಿಂಗು. ಮನೆಗೆ ಮಂಜೂರಾದ ಲೋಡು ಎಷ್ಟಿದೆ ಅಂತಲೂ ಅವನ ಹತ್ತಿರ ನೋಡಿಸಿ. 10 ನಂಬರ್ ಆಸೆ ಬಿಡಿ. 12 ನಂಬರ್ ರಾಡು, 70 ಆಂಪ್ಸು. 23ರಲ್ಲಿ ಮುಗಿಯುತ್ತೆ. ಗೇಟಿನ ಹಿಂಜಿಗೆ ಅದು ಧಾರಾಳ.

(ಇಲ್ಲಿ ಸಂದರ್ಶನಕ್ಕೆ ಐದು ದಿನ ವಿರಾಮ. ಎಲೆಕ್ಟ್ರಿಷಿಯನ್ ‘ಈಗ ಬಂದೆ ಸಾರ್’ ಎಂದ ಮೇಲೆ ಬರಲು ನಾಲ್ಕು ದಿನ, ಕೆಲಸಕ್ಕೆ ಒಂದು ದಿನ, 4,200 ರೂಪಾಯಿ. ಐನೂರು ಉಳಿಸಲು ಹೊರಟ ಲೆಕ್ಕ 11,730ಕ್ಕೆ ಬಂದು ನಿಂತಿತ್ತು. ಆಡಿಟರ್ ಆಕ್ಷೇಪಣೆ ಬರೆಯುವ ಮೊದಲೇ ಪುಸ್ತಕ ಮುಚ್ಚಿದೆ.)

ನಾನು: ಈಗ ಸಿದ್ಧ. ಗೇಟಿನ ಕಡೆ ಕೇಬಲ್ ಎಳೆಯಲೇ?

ಮಷೀನು: ಕಾಲಲ್ಲಿ ಏನದು?

ನಾನು: ಹವಾಯಿ ಚಪ್ಪಲಿ.

ಮಷೀನು: ಉಟ್ಟಿರೋದು ಪಾಲಿಯೆಸ್ಟರ್ ಲುಂಗಿ, ಕಣ್ಣಿಗೆ ತಂಪು ಕನ್ನಡಕ. ಬಲೇ ಜೋಡಿ! 75 ವೋಲ್ಟು ಅಂದ್ರೆ ಮಕ್ಕಳಾಟ ಅಂದ್ಕೋಬೇಡಿ; ಬೆವರಿದ ಕೈ, ಒದ್ದೆ ನೆಲ ಸಿಕ್ಕರೆ ಪ್ರಾಣಕ್ಕೇ ಬರುತ್ತೆ. ಕಿಡಿ ಬಿದ್ದರೆ ಆ ಲುಂಗಿ ಮೈಗೇ ಕರಗಿ ಅಂಟುತ್ತೆ. ಮೊದಲನೇ ವಾರ ಬರಿಗಣ್ಣಲ್ಲಿ ಕಿಡಿ ನೋಡಿದ ರಾತ್ರಿ ಏನಾಯ್ತು, ಓದುಗರಿಗೆ ಹೇಳಿ.

ನಾನು: (ತಗ್ಗಿದ ದನಿಯಲ್ಲಿ) ಹಗಲೆಲ್ಲ ಏನೂ ಇರಲಿಲ್ಲ. ನಡುರಾತ್ರಿ ಎರಡೂ ಕಣ್ಣಿಗೆ ಮರಳು ಸುರಿದಂತಾಯಿತು. ಮನೆಯವಳು ಆಲೂಗಡ್ಡೆ ಹೋಳು ಇಟ್ಟಳು.

ಮಷೀನು: ಆರೇಳು ಗಂಟೆ ಕಳೆದ ಮೇಲೇ ಏಟು ಗೊತ್ತಾಗೋದು, ಅದಕ್ಕೇ ಜನ ಮೋಸ ಹೋಗೋದು. ಕರಿಗುಡ್ಡೆಯ ಮೇಲಿನ ಪೊರೆ ಸುಟ್ಟಿರುತ್ತೆ. ಆಲೂಗಡ್ಡೆಯಿಂದ ಪಲ್ಯ ಆಗುತ್ತೆ, ಕಣ್ಣಿಗೆ ಡಾಕ್ಟರೇ ಬೇಕು. ಶೆಡ್ಡಿನಲ್ಲಿದ್ದಾಗ ಹುಡುಗರು ಜಿಐ ಪೈಪು ಬೆಸೆದು ಸತುವಿನ ಬಿಳಿ ಹೊಗೆ ಕುಡೀತಿದ್ರು, ಸಂಜೆ ಚಳಿಜ್ವರ. ಸಾಹುಕಾರ ಒಂದು ಉಂಡೆ ಬೆಲ್ಲ ಕೊಡ್ತಿದ್ದ. ಬೆಲ್ಲ ಹೊಟ್ಟೆಗೆ ಹೋಗುತ್ತೆ, ಹೊಗೆ ಎದೆಗೆ ಹೋಗುತ್ತೆ. ಎರಡಕ್ಕೂ ದಾರಿ ಬೇರೆ ಅಂತ ಹೇಳೋಕೆ ನನಗೆ ಆಗ ಬಾಯಿ ಇರಲಿಲ್ಲ.

(ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಮಷೀನು ಮಾತ್ರ ಗುಂಯ್ ಎನ್ನುತ್ತಿತ್ತು. ಹತ್ತಿ ಪ್ಯಾಂಟು, ಹಳೆಯ ಬೂಟು, ಚರ್ಮದ ಗ್ಲೌಸು, ಕಪ್ಪು ಗಾಜಿನ ಶೀಲ್ಡು ಹಾಕಿಕೊಂಡು ಬಂದೆ. ಗೇಟಿನ ಕಂಬದ ಪೇಂಟು ಕೆರೆದು, ಬಿಳಿ ಬರುವವರೆಗೆ ಉಜ್ಜಿ, ಕ್ಲ್ಯಾಂಪು ಕಚ್ಚಿಸಿ, ರಾಡನ್ನು ಬೆಂಕಿಕಡ್ಡಿ ಗೀರಿದಂತೆ ಗೀರಿದೆ. ಹೊತ್ತಿತು! ದೋಸೆ ಹುಯ್ದಾಗಿನ ಚುರ್ರ್ ಸದ್ದು, ಬಿಡದೆ. ಕಿಟ್ಟ ಬಡಿದು ನೋಡಿದರೆ ಕೆಳಗೆ ಹೆಮ್ಮೆಯಿಂದ ಹೊಳೆಯುವ ಬೆಸುಗೆ. ಇನ್ನೊಂದು ರಾಡು, ಮತ್ತೊಂದು ರಾಡು.)

ಮಷೀನು: ಸಾಕು, ಸಾಕು. ಹತ್ತು ನಿಮಿಷದಲ್ಲಿ ಮೂರೂವರೆ ನಿಮಿಷ ನನ್ನ ದುಡಿಮೆ, ಮಿಕ್ಕಿದ್ದು ವಿರಾಮ.

ನಾನು: ಇದೇನು ಸೋಮಾರಿತನ?

ಮಷೀನು: ನಿಮ್ಮ ಆಫೀಸಿನ ಲೆಕ್ಕಕ್ಕಿಂತ ಜಾಸ್ತಿನೇ ಆಯ್ತು.

ನಾನು: (ನಕ್ಕು) ಒಪ್ಪಿದೆ. ಕೊನೆಯ ಪ್ರಶ್ನೆ. ಮನೆಯಲ್ಲೇ ವೆಲ್ಡಿಂಗ್ ಮಾಡಲು ಹೊರಟಿರುವ ಯುವಜನತೆಗೆ ತಮ್ಮ ಸಂದೇಶ...

(ಅಷ್ಟರಲ್ಲಿ ಗೇಟಿನ ಆಚೆಯಿಂದ ‘ರೀ, ತೆಗೀರಿ, ಚೀಲ ಭಾರ’ ಎಂಬ ದನಿ. ಚಿಲಕ ತೆಗೆದು ಎಳೆದೆ. ಗೇಟು ಅಲ್ಲಾಡಲಿಲ್ಲ. ಎರಡೂ ಕೈ ಹಾಕಿದೆ. ಆಚೆಯಿಂದ ಅವಳೂ ತಳ್ಳಿದಳು. ಕಂಬವೇ ಸ್ವಲ್ಪ ನಡುಗಿತು.)

ಮಷೀನು: ಅರ್ತ್ ಎಲ್ಲಿ ಕಚ್ಚಿಸಿದ್ರಿ ಯಜಮಾನ್ರೆ?

ನಾನು: ಕಂಬಕ್ಕೆ.

ಮಷೀನು: ರಾಡು ಹಿಡಿದದ್ದು ಗೇಟಿಗೆ. ಗೇಟಿನಿಂದ ಕಂಬಕ್ಕೆ ಹೋಗೋಕೆ ನನ್ನ ಎಪ್ಪತ್ತು ಆಂಪ್ಸಿಗೆ ಬೇರೆ ದಾರಿ ಯಾವುದಿತ್ತು, ಹಿಂಜಿನ ಪಿನ್ನು ಬಿಟ್ಟರೆ? ಮೇಲಿನದೂ ಕಚ್ಚಿದೆ, ಕೆಳಗಿನದೂ ಕಚ್ಚಿದೆ. ಒಳಗೊಳಗೇ ಬೆಸೆದುಬಿಟ್ಟಿದೀನಿ.

ನಾನು: ಮೊದಲೇ ಹೇಳಬಾರದಿತ್ತೇ!

ಮಷೀನು: ನೀವು ಸಂದೇಶ ಕೇಳ್ತಿದ್ರಿ. ಏಣಿ ತರೋಕೆ ಹೋಗ್ತಿದೀರಲ್ಲ, ಹೋಗ್ತಾ ನನ್ನ ಸ್ವಿಚ್ ತೆಗೆದು ಹೋಗಿ. ಬರೀ ಮಾತಾಡಿದ್ರೂ ಮೀಟರು ತಿರುಗುತ್ತೆ.