ಸಿಸ್ಟಮ್ ಅಣ್ಣಾರು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರ್ ಸೋಮವಾರ ಮತ್ತು ಗುರುವಾರ. ದಲಾಲಿ ಅಂಗಡಿಯ ಕಂಪ್ಯೂಟರ್ ಕೆಡುವುದೂ ಆ ಎರಡು ದಿನವೇ. ಆಗ ಸಿಸ್ಟಮ್ ಅಣ್ಣಾರಿಗೆ ಫೋನ್ ಹೋಗುತ್ತದೆ. ಹಾವೇರಿಯಲ್ಲಿದ್ದರೂ ಸರಿ, ರಾಣೆಬೆನ್ನೂರಲ್ಲಿದ್ದರೂ ಸರಿ, ಅವರ ಉತ್ತರ ಒಂದೇ: "ಮೋಟೆಬೆನ್ನೂರು ದಾಟೀನ್ರಿ."

ಬಂದವರೇ ಬೈಕಿನ ಕೀಲಿ ಗೊಂಚಲಿನಿಂದ ಪೆನ್‌ಡ್ರೈವ್ ಬಿಚ್ಚುತ್ತಾರೆ. ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಕಾಲದ ಒಂದು ಬ್ಯಾಚ್ ಫೈಲ್. ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆ ಬಂದದ್ದು 2011ರಲ್ಲಿ. ಈ ಫೈಲು ಅದಕ್ಕೂ ಹಳೆಯದು. ರಿಜಿಸ್ಟ್ರಿಗೆ ಕೈಹಾಕಿ ಅಮೆರಿಕದ ತಾರೀಖನ್ನು ನಮ್ಮದು ಮಾಡುತ್ತದೆ, ಲಕ್ಷಕ್ಕೆ ಅಲ್ಪವಿರಾಮ ಸರಿಪಡಿಸುತ್ತದೆ, ನುಡಿ ಫಾಂಟ್ ತುಂಬುತ್ತದೆ, ಅಪ್‌ಡೇಟ್ ಬಂದ್ ಮಾಡುತ್ತದೆ. ಅರ್ಧ ಸಾಲುಗಳ ಕೆಲಸವೇನೆಂದು ಅಣ್ಣಾರಿಗೇ ತಿಳಿಯದು. ಸೇರಿಸಿದ್ದುಂಟು, ತೆಗೆದದ್ದಿಲ್ಲ. "ತಗದ್ರ ಏನರ ನಿಂತೀತು ಅಂತ ಬಿಟ್ಟೇನ್ರಿ."

ಎಕ್ಸ್‌ಪಿಯಲ್ಲಿ ಕೂತವನೇ ಯಜಮಾನ. ವಿಸ್ತಾದಿಂದೀಚೆ ಯಜಮಾನನೂ ಅಪ್ಪಣೆ ಕೇಳಬೇಕು. ಅಣ್ಣಾರು ರೈಟ್ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಒತ್ತುವುದನ್ನು ಕಲಿತರೇ ಹೊರತು ಫೈಲ್ ಮುಟ್ಟಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದು ಅಂಗಡಿಗೆ ವಿಂಡೋಸ್ 11 ಬಂತು. ಸಾವ್ಕಾರ್ರ ಮಗ ಹುಷಾರಿ. ಅಡ್ಮಿನ್ ಅಧಿಕಾರ ತನಗಿಟ್ಟುಕೊಂಡು ಲೆಕ್ಕ ಬರೆಯುವ ಹುಡುಗಿಗೆ ಸಾದಾ ಲಾಗಿನ್ ಕೊಟ್ಟ. ಅಣ್ಣಾರು ಅವಳ ಲಾಗಿನ್‌ನಲ್ಲಿ ಕೂತು, ಮಗನ ಪಾಸ್‌ವರ್ಡ್ ಹಾಕಿಸಿ ಫೈಲ್ ಓಡಿಸಿದರು. ಪರದೆಯ ಮೇಲೆ "ಎಲ್ಲಾ ಸರಿ ಆತು" ಎಂದು ಬಂತು. ಅಣ್ಣಾರು ಚಹಾ ಕುಡಿದರು.

ಫೆಬ್ರುವರಿ 5ರ ಪಟ್ಟಿ 2/5 ಎಂದು ಅಚ್ಚಾಗಿ ಬಂತು. ರೈತ ಕೇಳಿದ: "ಅಲ್ರಿ, ಮೇ ತಿಂಗಳಾಗ ರೊಕ್ಕ ಕೊಡಾವ್ರೇನು?"

ತಾರೀಖು ಬದಲಾಗಿತ್ತು, ಆದರೆ ಮಗನ ಲಾಗಿನ್‌ನಲ್ಲಿ. 'ಕರೆಂಟ್ ಯೂಸರ್' ಎಂದು ಬರೆದ ಸಾಲಿಗೆ ಪಾಸ್‌ವರ್ಡ್ ಕೊಟ್ಟವನೇ ಯೂಸರ್. ಕುರ್ಚಿಯಲ್ಲಿ ಯಾರಿದ್ದಾರೆಂಬುದು ಅದಕ್ಕೆ ಬೇಕಿಲ್ಲ. ಒಬ್ಬ ರೈತನ ಜಮೆ ಇನ್ನೊಬ್ಬನ ಖಾತೆಗೆ ಬಿದ್ದಂತೆ.

"ಅಣ್ಣಾರ, ಇನ್ನೊಮ್ಮೆ ಓಡಸ್ರಿ" ಎಂದ ಹುಡುಗಿ ಮೊಬೈಲಿನಲ್ಲಿ ವಿಡಿಯೊ ಹಿಡಿದು, ನಿಲ್ಲಿಸಿ ನಿಲ್ಲಿಸಿ ನೋಡಿದಳು. ಅಡ್ಮಿನ್ ಆಗಿ ಓಡಿದ ಫೈಲು ಪೆನ್‌ಡ್ರೈವಿನ ಫಾಂಟನ್ನು ಸಿಸ್ಟಮ್32 ಫೋಲ್ಡರಿನಲ್ಲಿ ಹುಡುಕಿ ಸಿಗದೆ ಸೋತಿತ್ತು, ಅದೂ ವಿಸ್ತಾ ಕಾಲದಿಂದ. ಬ್ಯಾಚ್ ಫೈಲಿನಲ್ಲಿ ಒಂದು ಸಾಲು ಸೋತರೂ ಮುಂದಿನದು ನಡೆಯುತ್ತದೆ. ಕೊನೆಗೆ ಅಣ್ಣಾರು ಪರದೆ ಒರೆಸುವ 'ಸಿಎಲ್‌ಎಸ್' ಇಟ್ಟು, ಅದರ ಕೆಳಗೆ "ಎಲ್ಲಾ ಸರಿ ಆತು" ಬರೆದಿದ್ದರು.

ಹುಡುಗಿ ತನ್ನ ಸೆಟ್ಟಿಂಗ್ಸ್‌ಗೆ ಹೋಗಿ ಇಂಡಿಯಾದ ಇಂಗ್ಲಿಷ್ ಆರಿಸಿದಳು. ತಾರೀಖೂ ಲಕ್ಷವೂ ನೆಟ್ಟಗಾದವು.

"ಅದು ಕೈಲೆ ಮಾಡಿದ್ದು ತಂಗಿ, ಪರ್ಮನೆಂಟ್ ಅಲ್ಲ" ಎಂದ ಅಣ್ಣಾರು ಅಲ್ಲೇ ನೋಟ್‌ಪ್ಯಾಡ್ ತೆರೆದು ಫೈಲನ್ನು ವಿಂಡೋಸ್ 11ಕ್ಕೆ ಸಜ್ಜು ಮಾಡಿದರು. ಮೊದಲ ಸಾಲಿಗೇ ಸೇರಿಸಿದರು: "ವಿಡಿಯೊ ಮಾಡಬ್ಯಾಡ್ರಿ."