ವೈರು ಕಾಣದ ಮನೆ

ಹೊಸ ಫ್ಲ್ಯಾಟಿನಲ್ಲಿ ಒಂದೂ ವೈರು ಕಣ್ಣಿಗೆ ಬೀಳಬಾರದೆಂದು ನನ್ನ ಭಾವಮೈದ ಪಣ ತೊಟ್ಟಿದ್ದಾನೆ. ಮೌಸು, ಕೀಬೋರ್ಡು, ಸ್ಪೀಕರು, ಇಯರ್‌ಬಡ್ಸು, ಎಲ್ಲ ಬ್ಲೂಟೂತು. ನನ್ನ ಜೇಬಿನಿಂದ ಗಂಟು ಬಿದ್ದ ಇಯರ್‌ಫೋನು ಹೊರಬಂದರೆ ಸಾಕು, "ಏನು ಭಾವ, ಇನ್ನೂ ಇದನ್ನೇ ಇಟ್ಕೊಂಡಿದೀರಾ?" ಎಂದು ಮರುಗುತ್ತಾನೆ.

ಮರುಗಲಿ. ಅವನ ಮಂಚದ ಹಿಂದೆ ಒಮ್ಮೆ ಬಗ್ಗಿ ನೋಡಬೇಕು ನೀವು! ಬಡ್ಸಿನ ಡಬ್ಬಿಗೊಂದು, ವಾಚಿಗೊಂದು, ಸ್ಪೀಕರಿಗೊಂದು ಚಾರ್ಜರು. ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ತೂತು ಸಾಲದೆ ಅದಕ್ಕೊಂದು ಮರಿಬೋರ್ಡು. ವೈರ್‌ಲೆಸ್ ಚಾರ್ಜರಿನ ಬಿಲ್ಲೆಗೂ ಗೋಡೆಯಿಂದ ವೈರೇ ಬರಬೇಕು. ಅದರ ಮೇಲೆ ಫೋನು ಒಂಚೂರು ಓರೆಯಾಗಿ ಮಲಗಿತೋ, ಬೆಳಗ್ಗೆ ಬ್ಯಾಟರಿ ಖಾಲಿ.

ಬ್ಲೂಟೂತಿನ ಪಾಡೂ ಸುಖದ್ದಲ್ಲ. ಅದಕ್ಕೂ ವೈಫೈಗೂ ಮೈಕ್ರೋವೇವ್ ಒಲೆಗೂ 2.4 ಗಿಗಾಹರ್ಟ್ಸಿನ ಆಸುಪಾಸಿನಲ್ಲೇ ಬಿಡಾರ. ಹಾಗಾಗಿ ಹಾಡು ಹೊತ್ತ ಬ್ಲೂಟೂತು, ಸಂತೆಯಲ್ಲಿ ಸಾಲ ಕೊಟ್ಟವನನ್ನು ಕಂಡವನ ಹಾಗೆ, ಸೆಕೆಂಡಿಗೆ 1600 ಸಲದವರೆಗೂ ಚಾನೆಲ್ಲು ಬದಲಿಸಿ ತಪ್ಪಿಸಿಕೊಳ್ಳುತ್ತದೆ. ಇಷ್ಟಾದರೂ ಅಡುಗೆಮನೆಯಲ್ಲಿ ಸಾರು ಬಿಸಿಗಿಟ್ಟರೆ ಇವನ ಮೀಟಿಂಗು ತೊದಲುತ್ತದೆ.

ವೈರಿನ ಪಕ್ಷದವನಾದ ನಾನೂ ಒಂದು ಋಣ ಒಪ್ಪಬೇಕು. 1973ರಲ್ಲಿ ಅಮೆರಿಕದ ಜೆರಾಕ್ಸ್ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್, ಕಂಪ್ಯೂಟರುಗಳನ್ನು ವೈರಿನಿಂದ ಹೆಣೆಯುವ ಈಥರ್ನೆಟ್ಟನ್ನು ರೂಪಿಸಿದಾಗ, ಉಪಾಯ ಸಿಕ್ಕಿದ್ದು ಹವಾಯಿ ದ್ವೀಪಗಳ ರೇಡಿಯೋ ಜಾಲ ಅಲೋಹಾನೆಟ್‌ನಿಂದ. ಎಲ್ಲರೂ ಒಂದೇ ದಾರಿಯಲ್ಲಿ ಮಾತಾಡುವುದು, ಡಿಕ್ಕಿಯಾದರೆ ಕೊಂಚ ತಡೆದು ಮತ್ತೆ ಶುರುಮಾಡುವುದು. (ನಮ್ಮ ಅಪಾರ್ಟ್‌ಮೆಂಟಿನ ಸಭೆಗಳಿಗೆ ಈ ವಿದ್ಯೆ ಇನ್ನೂ ಹತ್ತಿಲ್ಲ.) ವೈರಿನ ದೊಡ್ಡಸ್ತಿಕೆಗೆ ಬೀಜ ಗಾಳಿಯಿಂದಲೇ ಬಂದದ್ದು ಎಂಬ ಈ ಸಂಗತಿಯನ್ನು ಭಾವಮೈದನಿಗೆ ಮಾತ್ರ ಹೇಳಿಲ್ಲ.

ಹೇಳಿದ್ದು ಬೇರೆ. "ಎಲ್ಲಿ, ನಿನ್ನ ಫೋನಿನಲ್ಲಿ 102.9 ವಿವಿಧಭಾರತಿ ಹಾಕಪ್ಪ ನೋಡೋಣ." ರೇಡಿಯೋಗಿಂತ ಅಪ್ಪಟ ವೈರ್‌ಲೆಸ್ ಇದೆಯೇ? ಆದರೆ ಅವನ ಫೋನು ಮೊದಲು ಇಯರ್‌ಫೋನು ಸಿಕ್ಕಿಸಿ ಎಂದು ಹಟ ಹಿಡಿಯಿತು. ಎಫ್‌ಎಂ ಹಿಡಿಯಲು ಅದಕ್ಕೆ ಆ ವೈರೇ ಆಂಟೆನಾ! ಜೇಬಿನ ಗಂಟನ್ನು ನಾನು ನಿಧಾನವಾಗಿ, ಬಹಳ ನಿಧಾನವಾಗಿ, ಬಿಡಿಸಿ ಕೊಟ್ಟೆ.

ಮೊನ್ನೆ ಇನ್ನೊಂದಾಯಿತು. ಅವನ ಸ್ಪೀಕರು ಹೇಗೋ ಮೇಲ್ಮನೆಯ ಅಜ್ಜಿಯ ಫೋನಿಗೆ ಜೋಡಿಯಾಗಿ, ಸೊಸೆಯ ಮೇಲಿನ ಅವರ ದೂರೆಲ್ಲ ಇವನ ನಡುಮನೆಯಲ್ಲಿ ಮೊಳಗಿತು. ಆಫ್ ಮಾಡಲು ಓಡಿದವನ ಕೈಯನ್ನು ಹೆಂಡತಿ ಹಿಡಿದುಕೊಂಡಳು: "ರೀ, ತಾಳಿ ಸ್ವಲ್ಪ! ಒಡವೆ ವಿಷಯ ಈಗ ತಾನೇ ಬಂತು."